ಗುಳಿಗೆಯ ತಪ್ಪು, ಹರೆಯದ ತಲೆಗೆ

ಗದಗ ಜಿಲ್ಲೆಯ ಮುಂಡರಗಿಯ ಯಾವುದಾದರೂ ಒಂದು ಮನೆ ಎಂದುಕೊಳ್ಳಿ. ಹೆಸರಿನ ರಾಶಿ ನಡೆದಿರುವ ದಿನಗಳು. ಕಣದ ದೂಳಿಗೆ ಹದಿನೈದರ ಹುಡುಗನಿಗೆ ದಮ್ಮು ಹತ್ತಿದೆ. ತಾಲೂಕು ಆಸ್ಪತ್ರೆಯಲ್ಲಿ ಮಾಸ್ಕ್ ಹಚ್ಚಿ ಹೊಗೆಯಂಥ ಔಷಧ ಕೊಟ್ಟರು, ಉಸಿರು ಹದಕ್ಕೆ ಬಂತು, ಐದು ದಿನಕ್ಕೆ ಗುಳಿಗೆ ಬರೆದು ಕಳಿಸಿದರು. ಎರಡನೆಯ ದಿನ ಹುಡುಗ ಎರಡು ರೊಟ್ಟಿ ಹೆಚ್ಚಿಗೆ ತಿಂದ. ಅವ್ವನಿಗೆ ಖುಷಿ. ಮೂರನೆಯ ರಾತ್ರಿ ಒಂದು ಗಂಟೆಯಾದರೂ ಮೊಬೈಲ್ ಹಿಡಿದು ಕೂತಿದ್ದ. ನಾಲ್ಕನೆಯ ದಿನ ತಂಗಿ ತನ್ನ ಪೆನ್ನು ಮುಟ್ಟಿದಳೆಂದು ಊಟದ ತಾಟು ಎತ್ತಿ ಎಸೆದ. "ಮೈಯಾಗ ಸೊಕ್ಕು ಬಂದೈತಿ ಇವಂಗ" ಎಂದು ಅಪ್ಪ ಎರಡು ಬಿಟ್ಟ. ಐದನೆಯ ದಿನ ಗುಳಿಗೆ ಮುಗಿಯಿತು. ವಾರ ಕಳೆಯುವುದರೊಳಗೆ ಹುಡುಗ ಮೊದಲಿನಂತಾದ. ತನ್ನ ಏಟು ಕೆಲಸ ಮಾಡಿತೆಂದು ಅಪ್ಪ ನಂಬಿದ.

ಈ ಮನೆ, ಈ ಹುಡುಗ ಕಲ್ಪನೆ. ಆದರೆ ಹೆಚ್ಚಿದ ಹಸಿವು, ಹಾರಿದ ನಿದ್ದೆ, ಮೂಗಿನ ತುದಿಯ ಸಿಟ್ಟು, ಈ ಮೂರೂ ಸ್ಟಿರಾಯ್ಡ್ ಗುಳಿಗೆಯ ಅಡ್ಡ ಪರಿಣಾಮಗಳು. ಎಂಟು ವರ್ಷದ ಮಗು ಹೀಗೆ ಮಾಡಿದ್ದರೆ ಅವ್ವ ಮರುದಿನವೇ ದವಾಖಾನೆಗೆ ಎತ್ತಿಕೊಂಡು ಓಡುತ್ತಿದ್ದಳು. ನಲವತ್ತರ ಗಂಡಸಿಗೆ ಆಗಿದ್ದರೆ ಅವನೇ ಡಾಕ್ಟರನ್ನು ಕೇಳುತ್ತಿದ್ದ. ಹದಿಮೂರರಿಂದ ಹತ್ತೊಂಬತ್ತರ ನಡುವಿನವರಿಗೆ ಆದಾಗ ಮಾತ್ರ ಯಾರೂ ಗುಳಿಗೆಯ ಕಡೆ ನೋಡುವುದಿಲ್ಲ. ಆ ವಯಸ್ಸಿನ ಮಕ್ಕಳು ತಿನ್ನುವುದೇ ಹಾಗೆ, ರಾತ್ರಿ ಕೂರುವುದೇ ಹಾಗೆ, ಸಿಡುಕುವುದೇ ಹಾಗೆ ಎಂದು ಮನೆಮಂದಿಯೆಲ್ಲ ಮೊದಲೇ ತೀರ್ಮಾನಿಸಿರುತ್ತಾರೆ. ಮುಖದ ಮೇಲೆ ನಾಲ್ಕು ಮೊಡವೆ ಎದ್ದರಂತೂ ತೀರ್ಪು ಪಕ್ಕಾ. ಈ ಔಷಧದ ಅಡ್ಡ ಪರಿಣಾಮಗಳು ಹರೆಯದ ವೇಷ ಹಾಕಿಕೊಂಡೇ ಬರುತ್ತವೆ. ಹದಿಹರೆಯದವರ ಮಟ್ಟಿಗೆ ಇದೇ ದೊಡ್ಡ ತೊಡಕು ಎಂಬುದು ನನ್ನ ಅಭಿಪ್ರಾಯ.

ಔಷಧ ಬಂದದ್ದಾದರೂ ಎಲ್ಲಿಂದ? ನಮ್ಮ ದೇಹದಿಂದಲೇ. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ನಾಲ್ಕೈದು ಗ್ರಾಂ ತೂಕದ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಅದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಬೆಳಗ್ಗೆ ಏಳುವ ಹೊತ್ತಿಗೆ ಅತಿ ಹೆಚ್ಚು, ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆ. ರಕ್ತದಲ್ಲಿ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು, ರಕ್ತದ ಒತ್ತಡ ಕಾಯುವುದು, ಜ್ವರ ಬಂದಾಗ, ಪೆಟ್ಟಾದಾಗ ದೇಹವನ್ನು ಎತ್ತಿ ನಿಲ್ಲಿಸುವುದು ಅದರ ಕೆಲಸ. ಇನ್ನೊಂದು ಕೆಲಸವೂ ಉಂಟು: ಊತ ಕೆರಳಿದಾಗ ಅದಕ್ಕೆ ಲಗಾಮು ಹಾಕುವುದು. ವೈದ್ಯರಿಗೆ ಬೇಕಾಗಿರುವುದು ಈ ಕೊನೆಯದೊಂದೇ. ಆದರೆ ಕಾರ್ಟಿಸಾಲಿನ ಒಂದು ಗುಣವನ್ನು ಮಾತ್ರ ಆರಿಸಿ ಉಳಿದವನ್ನು ಪೂರ್ತಿ ಬಿಟ್ಟು ಬರುವಂಥ ಗುಳಿಗೆಯನ್ನು ಇವತ್ತಿನವರೆಗೂ ಯಾರಿಗೂ ಮಾಡಲಾಗಿಲ್ಲ. ಅಡ್ಡ ಪರಿಣಾಮ ಎಂದು ನಾವು ಕರೆಯುವುದು ಆ ಹಾರ್ಮೋನಿನ ಉಳಿದ ಕಸುಬುಗಳನ್ನೇ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ಕೀಲುರೋಗ ತಜ್ಞ, ಎಡ್ವರ್ಡ್ ಕೆಂಡಲ್ ಎಂಬ ರಸಾಯನ ವಿಜ್ಞಾನಿ ಊತ ಇಳಿಸುವ ಈ ಗುಣವನ್ನು ಮೊದಲು ಕಂಡುಕೊಂಡವರು. ಕೆಂಡಲ್ ಅಡ್ರಿನಲ್ ಗ್ರಂಥಿಗಳಿಂದ ಬೇರ್ಪಡಿಸಿದ ವಸ್ತುವನ್ನು ಮೆರ್ಕ್ ಕಂಪನಿ ಎತ್ತಿನ ಪಿತ್ತರಸದಿಂದ ಹತ್ತಾರು ಹಂತಗಳಲ್ಲಿ ತಯಾರಿಸಿಕೊಟ್ಟಿತು. 1948ರ ಸೆಪ್ಟೆಂಬರ್ 21ರಂದು, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಣ್ಣುಮಗಳಿಗೆ ಮೊದಲ ಸೂಜಿ ಚುಚ್ಚಿದರು. ವಾರದೊಳಗೆ ಆಕೆ ಎದ್ದು ಪೇಟೆಗೆ ನಡೆದುಹೋದಳು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನದಲ್ಲಿ ಎರಡೇ ವರ್ಷಕ್ಕೆ ನೊಬೆಲ್ ಸಿಗುವುದು ಅಪರೂಪ. ಅಷ್ಟು ಅವಸರಕ್ಕೆ ಕಾರಣ ಆ ಪವಾಡ. ಆದರೆ ಅದೇ ಎರಡು ವರ್ಷದಲ್ಲಿ ರೋಗಿಗಳ ಮುಖ ಗುಂಡಗಾಗುವುದು, ಮನಸ್ಸು ಹದ ತಪ್ಪುವುದು, ಔಷಧ ನಿಲ್ಲಿಸಿದರೆ ನೋವು ಮರಳುವುದು ಕೂಡ ವೈದ್ಯರ ಕಣ್ಣಿಗೆ ಬಿದ್ದಿತ್ತು. 1955ರ ಹೊತ್ತಿಗೆ ಪ್ರೆಡ್ನಿಸೋನ್, ಪ್ರೆಡ್ನಿಸೊಲೋನ್ ಬಂದವು. ದೇಹದಲ್ಲಿ ಉಪ್ಪು, ನೀರು ನಿಲ್ಲುವುದು ಇವುಗಳಲ್ಲಿ ಕಡಿಮೆ. ಗದಗಿನ ಔಷಧ ಅಂಗಡಿಗಳಲ್ಲಿ ಇಂದು ವೈಸೋಲೋನ್, ಓಮ್ನಾಕಾರ್ಟಿಲ್ ಎಂಬ ಹೆಸರಲ್ಲಿ ಸಿಗುವುದು ಪ್ರೆಡ್ನಿಸೊಲೋನೇ. ಬೆಟ್ನೆಸಾಲ್ ಎಂದರೆ ಬೀಟಾಮೆಥಾಸೋನ್, ಮೆಡ್ರಾಲ್ ಎಂದರೆ ಮಿಥೈಲ್‌ಪ್ರೆಡ್ನಿಸೊಲೋನ್. ಇವು ಅದರ ದಾಯಾದಿಗಳು.

ಇಲ್ಲೊಂದು ಲೆಕ್ಕ ಮಾಡಿ ನೋಡಬೇಕು. ಐವತ್ತು ಕಿಲೋ ತೂಕದ ಹುಡುಗನ ದೇಹ ತಾನಾಗಿ ದಿನಕ್ಕೆ ಹೆಚ್ಚುಕಡಿಮೆ 10 ಮಿಲಿಗ್ರಾಂ ಕಾರ್ಟಿಸಾಲ್ ತಯಾರಿಸುತ್ತದೆ. 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ 20 ಮಿಲಿಗ್ರಾಂ ಕಾರ್ಟಿಸಾಲಿಗೆ ಸಮ. ದಮ್ಮು ಜೋರಾದಾಗ ಆ ವಯಸ್ಸಿನವರಿಗೆ ಕೊಡುವುದು ದಿನಕ್ಕೆ 40 ಮಿಲಿಗ್ರಾಂ ಸುಮಾರು, ಅಂದರೆ 160 ಮಿಲಿಗ್ರಾಂ ಕಾರ್ಟಿಸಾಲಿನಷ್ಟು. ಮೈಯಲ್ಲಿ ಸಹಜವಾಗಿ ಹುಟ್ಟುವುದರ ಹದಿನಾರು ಪಟ್ಟು. ಆ ಐದು ದಿನ ಹುಡುಗನ ಮೆದುಳು, ಹೊಟ್ಟೆ, ಚರ್ಮ, ಮೂಳೆ ಎಲ್ಲವೂ ಈ ಹದಿನಾರು ಪಟ್ಟಿನಲ್ಲಿ ನೆನೆದಿರುತ್ತವೆ. ಅವನು ತಾಟು ಎಸೆದದ್ದು ದೊಡ್ಡ ವಿಷಯವಲ್ಲ; ಎಷ್ಟೋ ಮಕ್ಕಳು ಏನೂ ಆಗದೆ ಪಾರಾಗುತ್ತಾರಲ್ಲ, ಅದು ದೇಹದ ದೊಡ್ಡತನ.

ಹಾಗಾದರೆ ಕೊಡುವುದೇ ತಪ್ಪೇ? ಅಲ್ಲ. ದಮ್ಮು ಹತ್ತಿದಾಗ ಶ್ವಾಸನಾಳದ ಒಳಗೋಡೆ ಬಾತು, ಲೋಳೆ ಕಟ್ಟಿ, ದಾರಿಯೇ ಮುಚ್ಚುತ್ತ ಬರುತ್ತದೆ. ಮಾಸ್ಕಿನ ಔಷಧ ಸುತ್ತಲ ಸ್ನಾಯುವನ್ನು ಸಡಿಲಿಸುತ್ತದೆ, ಒಳಗಿನ ಬಾವನ್ನು ಇಳಿಸುವುದಿಲ್ಲ. ಬಾವು ಇಳಿಸುವುದು ಸ್ಟಿರಾಯ್ಡ್. ಅದು ಜೀವಕೋಶದೊಳಕ್ಕೆ ಹೋಗಿ ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದನ್ನೇ ಬದಲಿಸುತ್ತದೆ. ಆದ್ದರಿಂದ ನುಂಗಿದ ಕೂಡಲೇ ಗುಣ ಕಾಣದು, ನಾಲ್ಕಾರು ತಾಸು ಬೇಕು. ತಡಮಾಡಿ ಕೊಟ್ಟರೆ ಆ ತಾಸುಗಳೇ ದುಬಾರಿ. ಬಿಸಿಲು ಮಳೆಗಳ ನಡುವೆ ಕಾಂಗ್ರೆಸ್ ಹುಲ್ಲು ಮೈಗೆ ತಾಗಿ ಮುಖ ಕುತ್ತಿಗೆಯೆಲ್ಲ ಸುಟ್ಟಂತಾದಾಗ, ಮೈತುಂಬ ಪಿತ್ತದ ಗಂಧೆ ಎದ್ದಾಗ, ಬೆಳಗ್ಗೆ ಏಳುವಷ್ಟರಲ್ಲಿ ಮಾರಿ ಒಂದು ಕಡೆ ವಾಲಿಬಿಟ್ಟಾಗಲೂ ವೈದ್ಯರು ಇದೇ ಗುಳಿಗೆಯ ಮೊರೆ ಹೋಗುವುದುಂಟು. ಕಪ್ಪತಗುಡ್ಡದ ಸುತ್ತಲ ಊರುಗಳಲ್ಲಿ ಗಾಳಿಗೆ ಕೊರತೆಯಿಲ್ಲ, ಆ ಗಾಳಿಯಲ್ಲಿ ಹಾರುವುದಕ್ಕೆ ದೂಳಿಗೂ ಪರಾಗಕ್ಕೂ ಕೊರತೆಯಿಲ್ಲ. ಶೇಂಗಾ ಹೊಟ್ಟು, ಹತ್ತಿಯ ನವಿರು, ಒಣಮೆಣಸಿನಕಾಯಿಯ ಘಾಟು. ಈ ಊರುಗಳಲ್ಲಿ ಐದು ದಿನದ ಸ್ಟಿರಾಯ್ಡ್ ಕೋರ್ಸು ಯಾವುದಾದರೊಂದು ಮನೆಗೆ ಬಾರದ ಸುಗ್ಗಿ ಇರಲಾರದು.

ಮಕ್ಕಳಲ್ಲಿ ಇದು ಎಷ್ಟು ಕಾಡುತ್ತದೆ ಎಂಬುದಕ್ಕೆ ಒಳ್ಳೆಯ ಲೆಕ್ಕವೊಂದಿದೆ. 14 ದಿನ ಮೀರದಂತೆ ಬಾಯಿಯ ಮೂಲಕ ಸ್ಟಿರಾಯ್ಡ್ ಪಡೆದ 3200 ಮಕ್ಕಳ ಮೇಲಿನ 38 ಅಧ್ಯಯನಗಳನ್ನು ಬ್ರಿಟನ್ನಿನ ಸಂಶೋಧಕರು ಒಟ್ಟಿಗೆ ಹಾಕಿ 2016ರಲ್ಲಿ ಪ್ರಕಟಿಸಿದರು. ಅತಿ ಹೆಚ್ಚು ಕಂಡದ್ದು ವಾಂತಿ, ನೂರಕ್ಕೆ 5.4. ಎರಡನೆಯದು ನಡವಳಿಕೆಯ ಬದಲಾವಣೆ, 4.7. ಮೂರನೆಯದು ನಿದ್ದೆಗೇಡು, 4.3. ಸಣ್ಣ ಅಂಕಿಗಳೆನಿಸುತ್ತವೆ. ಆದರೆ ರಕ್ತದೊತ್ತಡವನ್ನು ಬೇಕೆಂದೇ ಅಳೆದ 369 ಮಕ್ಕಳಲ್ಲಿ 144 ಮಂದಿಗೆ ಅದು ಏರಿತ್ತು. ಅಳೆದರೆ ಕಾಣುತ್ತದೆ, ಅಳೆಯದಿದ್ದರೆ ಇಲ್ಲ. ನಡವಳಿಕೆಯನ್ನು ಅಳೆಯುವ ಪಟ್ಟಿ ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುವುದಿಲ್ಲವಾದ್ದರಿಂದ, ಹದಿಹರೆಯದವರ ಮಟ್ಟಿಗೆ ಆ 4.7 ಎಂಬುದು ಕಡಿಮೆಯೇ ಇರಬೇಕು ಎಂದು ನನ್ನ ಅನುಮಾನ.

ನಿದ್ದೆಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಸುಲಭವಾಗಿ ತಪ್ಪಿಸಬಹುದು. ಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ತಾಸು ಹಿಂದೆ ಸರಿಯುತ್ತದೆ. ಹತ್ತಕ್ಕೆ ಬರುತ್ತಿದ್ದ ನಿದ್ದೆ ಹನ್ನೊಂದೂವರೆಗೆ ಬರುತ್ತದೆ. ಅದರ ಮೇಲೆ ಸಂಜೆ ಒಂದು ಸ್ಟಿರಾಯ್ಡ್ ಗುಳಿಗೆ ಬಿದ್ದರೆ, ಕಾರ್ಟಿಸಾಲ್ ತಳ ಮುಟ್ಟಬೇಕಾದ ನಡುರಾತ್ರಿಯಲ್ಲೇ ಮೆದುಳಿಗೆ "ಬೆಳಗಾತು, ಏಳು" ಎಂಬ ಸುದ್ದಿ ಮುಟ್ಟುತ್ತದೆ. ದಿನದ ಗುಳಿಗೆಯನ್ನು ಬೆಳಗ್ಗೆ ನಾಷ್ಟಾದ ಮೇಲೆ ಒಮ್ಮೆಲೇ ನುಂಗಿದರೆ ಅರ್ಧ ತೊಂದರೆ ತೀರುತ್ತದೆ. ವೈದ್ಯರು ಬೇರೆ ರೀತಿ ಹೇಳಿದ್ದರೆ ಅವರ ಮಾತೇ ಸರಿ. ಏನೂ ಹೇಳದಿದ್ದರೆ ಕೇಳಿಕೊಳ್ಳಿ. ಪ್ರೆಡ್ನಿಸೊಲೋನಿನ ಪ್ರಭಾವ ಹನ್ನೆರಡರಿಂದ ಮೂವತ್ತಾರು ತಾಸು. ಡೆಕ್ಸಾಮೆಥಾಸೋನಿನದು ಒಂದೂವರೆ ದಿನಕ್ಕೂ ಮಿಗಿಲು. ಸಂಜೆ ಕ್ಲಿನಿಕ್ಕಿನಲ್ಲಿ ಡೆಕ್ಸಾ ಸೂಜಿ ಮಾಡಿಸಿಕೊಂಡ ಹುಡುಗಿ ಎರಡು ರಾತ್ರಿ ಸೂರು ನೋಡುತ್ತ ಮಲಗಿದರೆ ಅದರಲ್ಲಿ ಮೊಬೈಲಿನ ಪಾಲು ಕಡಿಮೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವುದು ಮಾರ್ಚ್ ಸುಮಾರಿಗೆ. ಮನೆಯಂಗಳದಲ್ಲಿ, ಎಪಿಎಂಸಿಯಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ ಬಿದ್ದಿರುವ ಕಾಲ. ದಮ್ಮಿನ ಮಕ್ಕಳಿಗೆ ಗುಳಿಗೆಯೂ ಪರೀಕ್ಷೆಯೂ ಒಟ್ಟಿಗೇ ಬರುತ್ತವೆ. ನಿದ್ದೆಗೆಟ್ಟು ಪರೀಕ್ಷೆ ಹಾಲಿನಲ್ಲಿ ಕೂತ ಮಗುವಿಗೆ "ಓದಿದ್ದು ಯಾಕೆ ನೆನಪಾಗವಲ್ದು" ಎಂಬ ಭಯ ಹುಟ್ಟಿದರೆ, ನೆನಪಿನ ಕೆಲಸ ಮಾಡುವ ಮೆದುಳಿನ ಭಾಗದಲ್ಲೇ ಕಾರ್ಟಿಸಾಲಿನ ಗ್ರಾಹಕಗಳು ದಟ್ಟವಾಗಿವೆ ಎಂಬುದು ಅದಕ್ಕೆ ತಿಳಿದಿರಬೇಕು. ತಲೆ ಕೆಟ್ಟಿಲ್ಲ, ಗುಳಿಗೆಯ ಗುಂಗು ಇಳಿದಿಲ್ಲ ಅಷ್ಟೆ.

ಮನಸ್ಸಿನ ಏರುಪೇರು ಬರೀ ಸಿಟ್ಟಲ್ಲ. ಕೆಲವರು ಅತಿ ಉಲ್ಲಾಸದಲ್ಲಿ ಮಾತು ನಿಲ್ಲಿಸುವುದಿಲ್ಲ, ಕೆಲವರು ಕಾರಣವಿಲ್ಲದೆ ಅಳುತ್ತಾರೆ. 1972ರಲ್ಲಿ ಬಾಸ್ಟನ್ನಿನ ತಂಡವೊಂದು ಆಸ್ಪತ್ರೆ ಸೇರಿದ ರೋಗಿಗಳಲ್ಲಿ ಇದನ್ನು ಪ್ರಮಾಣಕ್ಕೆ ತಕ್ಕಂತೆ ಎಣಿಸಿತು. ದಿನಕ್ಕೆ 40 ಮಿಲಿಗ್ರಾಂವರೆಗೆ ಪ್ರೆಡ್ನಿಸೋನ್ ಪಡೆದವರಲ್ಲಿ ತೀವ್ರ ಮಾನಸಿಕ ತೊಂದರೆ ನೂರಕ್ಕೆ 1.3, ಎಂಬತ್ತರವರೆಗೆ 4.6, ಅದಕ್ಕೂ ಮೇಲೆ 18.4. ಅದು ಮುಖ್ಯವಾಗಿ ದೊಡ್ಡವರ ಲೆಕ್ಕ, ಆದರೂ ಪಾಠ ಸ್ಪಷ್ಟ: ತೊಂದರೆ ಪ್ರಮಾಣದ ಜೊತೆ ಏರುತ್ತದೆ, ಮತ್ತು ಸಾಮಾನ್ಯವಾಗಿ ಮೊದಲ ಒಂದೆರಡು ವಾರದಲ್ಲೇ ತಲೆ ಎತ್ತುತ್ತದೆ. ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದ ಚರಿತ್ರೆಯಿದ್ದರೆ ಬರೆಯುವ ಮೊದಲೇ ವೈದ್ಯರಿಗೆ ಹೇಳಬೇಕು. ನಮ್ಮ ಕಡೆ ಇದನ್ನು ಮುಚ್ಚಿಡುವುದು ವಾಡಿಕೆ, ಮುಂದೆ ಮಗಳಿಗೆ ಗಂಡು ಸಿಗದೆಂಬ ಅಂಜಿಕೆ. ಚೀಟಿ ಬರೆಯುವವರ ಕಿವಿಗೆ ಹಾಕಿದ ಮಾತು ಬೀಗರ ಮನೆಗೆ ಹೋಗುವುದಿಲ್ಲ.

ಹೊಟ್ಟೆಯದು ಸರಳ. ಪ್ರೆಡ್ನಿಸೊಲೋನ್ ವಿಪರೀತ ಕಹಿ. ವಾಂತಿಯ ಅರ್ಧ ಕಾರಣ ನಾಲಿಗೆಯಲ್ಲೇ ಇದೆ. ಬರೀ ಹೊಟ್ಟೆಯಲ್ಲಿ ಕೊಡಬೇಡಿ, ಉಪ್ಪಿಟ್ಟೋ ರೊಟ್ಟಿಯೋ ಒಳಗಿರಲಿ. ಜೊತೆಗೆ ನೋವಿನ ಗುಳಿಗೆ, ಅಂದರೆ ಡೈಕ್ಲೋಫಿನಾಕ್, ಐಬುಪ್ರೊಫೇನ್ ಸೇರಿದರೆ ಹೊಟ್ಟೆಯ ಒಳಪದರಕ್ಕೆ ಇಬ್ಬರು ಶತ್ರುಗಳು ಒಟ್ಟಿಗೇ ಗಂಟುಬೀಳುತ್ತಾರೆ. "ಮಿರ್ಚಿ ಭಜಿ ತಿಂದಿದ್ದಕ್ಕ ಉರಿ" ಎಂದು ಗದಗಿನವರು ಖಾರದ ಮೇಲೆ ಹೊರೆ ಹಾಕುವುದು ಸುಲಭ, ಆದರೆ ಎರಡೂ ಔಷಧ ಒಂದೇ ಪೊಟ್ಟಣದಲ್ಲಿದ್ದವೇ ಎಂದು ಮೊದಲು ನೋಡುವುದು ಲೇಸು. ಮಲ ಡಾಂಬರಿನಂತೆ ಕಪ್ಪಾದರೆ ಕಾಯಬಾರದು.

ಮುಖದ ಬಗ್ಗೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಒಂದೇ ಆತಂಕ. ಗುಂಡು ಮುಖ, ಕುತ್ತಿಗೆ ಹಿಂದಿನ ಕೊಬ್ಬು, ಹೊಟ್ಟೆಯ ಮೇಲಿನ ನೇರಳೆ ಗೆರೆ, ಇವು ಐದು ದಿನಕ್ಕೆ ಬರುವಂಥವಲ್ಲ, ವಾರಗಟ್ಟಲೆ, ತಿಂಗಳುಗಟ್ಟಲೆ ನುಂಗಿದವರವು. ಮೂತ್ರದಲ್ಲಿ ಪ್ರೋಟೀನು ಸೋರುವ ನೆಫ್ರಾಟಿಕ್ ಕಾಯಿಲೆಯ ಮಕ್ಕಳು ಆರು ವಾರ ದಿನಾ, ಮತ್ತಾರು ವಾರ ದಿನ ಬಿಟ್ಟು ದಿನ ಸ್ಟಿರಾಯ್ಡ್ ತೆಗೆದುಕೊಳ್ಳಬೇಕಾಗುತ್ತದೆ; ಅಂಥ ಒಂದು ಮಗುವನ್ನು ಓಣಿಯಲ್ಲಿ ಕಂಡವರು ಎಲ್ಲರಿಗೂ ಹಾಗೆಯೇ ಎಂದುಕೊಳ್ಳುತ್ತಾರೆ. ಐದು ದಿನದ ಕೋರ್ಸಿನಲ್ಲಿ ತೂಕ ಒಂದು ಕಿಲೋ ಏರಿದರೆ ಹೆಚ್ಚಿನದು ನೀರು, ಉಳಿದದ್ದು ಹೆಚ್ಚಿಗೆ ತಿಂದ ರೊಟ್ಟಿ. ಸ್ಟಿರಾಯ್ಡ್ ಮೊಡವೆಗೆ ಒಂದು ಗುರುತಿದೆ: ಎದೆ, ಬೆನ್ನು, ಭುಜದ ಮೇಲೆ ಎಲ್ಲವೂ ಒಂದೇ ಅಳತೆಯಲ್ಲಿ, ಒಂದೇ ಸಲಕ್ಕೆ ಏಳುತ್ತವೆ. ಹರೆಯದ ಮೊಡವೆ ಹಾಗಲ್ಲ, ದೊಡ್ಡದು ಚಿಕ್ಕದು ಕರಿಚುಕ್ಕಿ ಎಲ್ಲ ಕಲಸಿರುತ್ತವೆ. ಮುಟ್ಟು ಒಂದು ಸುತ್ತು ಹಿಂದೆಮುಂದೆ ಆಗಬಹುದು. ಇದನ್ನು ಹುಡುಗಿಯರಿಗೆ ಮೊದಲೇ ಹೇಳುವವರು ಕಡಿಮೆ, ಅವರಾಗಿ ಕೇಳುವುದು ಇನ್ನೂ ಕಡಿಮೆ.

ಸೋಂಕಿನ ಮಾತು ಹಗುರವಲ್ಲ. ಊತವನ್ನು ಅಡಗಿಸುವ ಔಷಧ ರೋಗನಿರೋಧಕ ಕಾವಲನ್ನೂ ಸ್ವಲ್ಪ ತೂಕಡಿಸುವಂತೆ ಮಾಡುತ್ತದೆ. ಬ್ರಿಟನ್ನಿನ 2016ರ ಆ ಲೆಕ್ಕದಲ್ಲಿ ಒಂದು ಸಾವಿದೆ. ಗುಳಿಗೆಯ ನಡುವೆ ಚಿಕನ್‌ಪಾಕ್ಸ್ ತಗುಲಿದ ಮಗುವಿನದು. ನಮ್ಮಲ್ಲಿ "ಅಮ್ಮ ಬಂದಾಳ" ಎಂದು ಬೇವಿನ ಸೊಪ್ಪು ಕಟ್ಟಿ, ಔಷಧ ಮುಟ್ಟಿಸದೆ ಕೂರುವ ಮನೆಗಳಿವೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ಅಥವಾ ಇತ್ತೀಚೆಗೆ ತೆಗೆದುಕೊಂಡ ಮಗುವಿಗೆ ಅಮ್ಮ ಬಂದರೆ, ಅಥವಾ ಅಮ್ಮ ಬಂದವರ ಜೊತೆ ಆ ಮಗು ಇದ್ದರೆ, ಪೂಜೆ ಮನೆಯಲ್ಲಿ ನಡೆಯಲಿ, ಮಗು ಆಸ್ಪತ್ರೆಗೆ ಹೋಗಲಿ. ಎರಡಕ್ಕೂ ವೈರವಿಲ್ಲ. ತೈವಾನ್‌ನಲ್ಲಿ ಸುಮಾರು 45 ಲಕ್ಷ ಮಕ್ಕಳ ದಾಖಲೆ ಜಾಲಾಡಿದವರು, ಕಿರು ಅವಧಿಯ ಸ್ಟಿರಾಯ್ಡ್ ಶುರುವಾದ ಮೊದಲ ತಿಂಗಳಲ್ಲಿ ನ್ಯುಮೋನಿಯಾ, ರಕ್ತದ ನಂಜು ಸುಮಾರು ಎರಡು ಪಟ್ಟಾಗುವುದನ್ನೂ ಹೊಟ್ಟೆಯ ರಕ್ತಸ್ರಾವ 1.4 ಪಟ್ಟಾಗುವುದನ್ನೂ 2021ರಲ್ಲಿ ತೋರಿಸಿದರು. ಮಕ್ಕಳಲ್ಲಿ ಇವು ಮೊದಲೇ ಅಪರೂಪ, ಎರಡು ಪಟ್ಟಾದರೂ ಅಪರೂಪವೇ. ಆದರೂ ಬರೀ ನೆಗಡಿ ಕೆಮ್ಮಿಗೆ ಸ್ಟಿರಾಯ್ಡ್ ಬರೆಯುವವರ ಕೈ ತಡೆಯಲು ಇಷ್ಟು ಸಾಕಾಗಬೇಕಿತ್ತು. ಸಿಹಿಮೂತ್ರವಿರುವ, ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗ ಹುಡುಗಿಯರಿಗೆ ಈ ಐದು ದಿನ ಸಕ್ಕರೆ ಕುದುರೆಯ ಹಾಗೆ ಓಡುತ್ತದೆ. ಅವರ ಡೋಸು ಬದಲಾಗಬೇಕು, ವೈದ್ಯರೇ ಬದಲಿಸಬೇಕು.

2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ಜನರ ಮನಸ್ಸಿನಲ್ಲಿ ಸ್ಟಿರಾಯ್ಡ್ ಎಂಬ ಶಬ್ದಕ್ಕೆ ಮಸಿ ಬಳಿಯಿತು. ಅದಕ್ಕೂ ಒಂದು ವರ್ಷ ಮೊದಲು, 2020ರ ಜೂನ್‌ನಲ್ಲಿ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಹತ್ತು ದಿನದ ಮಿತಿಯಲ್ಲಿ ಕೊಟ್ಟರೆ ವೆಂಟಿಲೇಟರ್ ಮೇಲಿದ್ದವರ ಸಾವು ಮೂರನೇ ಒಂದರಷ್ಟು ತಗ್ಗುವುದೆಂದು ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತ್ತು. ಆಮ್ಲಜನಕ ಬೇಕಿಲ್ಲದವರಿಗೆ ಅದೇ ಔಷಧದಿಂದ ಲಾಭವಿರಲಿಲ್ಲ. ನಮ್ಮ ಕಡೆ ಬೇಕಾದವರಿಗೂ ಬೇಡದವರಿಗೂ, ಸಕ್ಕರೆ ಹತೋಟಿಯಲ್ಲಿಲ್ಲದವರಿಗೂ ಮಿತಿ ಮೀರಿ ಹೋಯಿತು. ಒಂದೇ ಔಷಧ, ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದರ ಮೇಲೆ ಎರಡು ಕಥೆ.

ಇನ್ನು ಆರನೆಯ ದಿನದ ಪ್ರಶ್ನೆ. ಓಣಿಯಲ್ಲಿ ಎರಡು ಮಾತು ಓಡಾಡುತ್ತವೆ. ಒಂದು, "ದಮ್ಮು ಕಮ್ಮಿ ಆತು, ಗುಳಿಗಿ ಬಿಡು". ಎರಡನೆಯ ದಿನಕ್ಕೇ ನಿಲ್ಲಿಸುವವರು ಇವರು, ಒಳಗಿನ ಬಾವು ಇನ್ನೂ ಇಳಿದಿರುವುದಿಲ್ಲ. ಇನ್ನೊಂದು, "ಒಮ್ಮಿಂದೊಮ್ಮೆ ಬಿಟ್ರ ಜೀವಕ್ಕ ಅಪಾಯ", ಆದ್ದರಿಂದ ತಾವೇ ಮುಂದುವರಿಸುವವರು. ಎರಡನೆಯ ಮಾತು ತಿಂಗಳುಗಟ್ಟಲೆ ತೆಗೆದುಕೊಂಡವರ ಮಟ್ಟಿಗೆ ನೂರಕ್ಕೆ ನೂರು ಸತ್ಯ. ಹೊರಗಿನಿಂದ ಟ್ಯಾಂಕರ್ ಬಂದು ತೊಟ್ಟಿ ತುಂಬುತ್ತಿದ್ದರೆ ಯಾರು ಮೋಟಾರು ಹಚ್ಚುತ್ತಾರೆ? ಹಾಗೆ ಗುಳಿಗೆ ಬರುತ್ತಿರುವಷ್ಟು ಕಾಲ ಅಡ್ರಿನಲ್ ಸುಮ್ಮನಿರುತ್ತದೆ, ಬಹಳ ದಿನ ಸುಮ್ಮನಿದ್ದರೆ ಥಟ್ಟನೆ ಶುರುವಾಗುವುದಿಲ್ಲ. ಐದು, ಏಳು ದಿನದ ಕೋರ್ಸಿಗೆ ಮಾತ್ರ ಹಂತಹಂತವಾಗಿ ಇಳಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಹಾಗೆಂದು ಗ್ರಂಥಿ ಜಗ್ಗುವುದೇ ಇಲ್ಲ ಎಂದಲ್ಲ. ಬ್ರಿಟನ್ನಿನ ಅದೇ ಲೆಕ್ಕದಲ್ಲಿ, ಪರೀಕ್ಷಿಸಿ ನೋಡಿದ 53 ಮಕ್ಕಳಲ್ಲಿ 43 ಮಂದಿಗೆ ಕಿರು ಕೋರ್ಸಿನಲ್ಲೂ ಅದು ಮಂಕಾಗಿತ್ತು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆ ನಡುವೆ ಬೈಕಿನಿಂದ ಬಿದ್ದೋ, ಅಪೆಂಡಿಕ್ಸ್ ಎಂದೋ ಹುಬ್ಬಳ್ಳಿಗೆ ಒಯ್ಯುವ ಪ್ರಸಂಗ ಬಂದರೆ "ಹೋದ ವಾರ ಸ್ಟಿರಾಯ್ಡ್ ಆಗಿತ್ರಿ" ಎಂದು ಹೇಳುವುದನ್ನು ಮರೆಯಬಾರದು.

ನಿಜವಾದ ಕುತ್ತು ಐದು ದಿನದಲ್ಲಿಲ್ಲ, ಐದು ದಿನ ಮತ್ತೆ ಮತ್ತೆ ಬರುವುದರಲ್ಲಿದೆ. ಒಮ್ಮೆ ಗುಣ ಕಂಡ ಚೀಟಿಯನ್ನು ಜೋಪಾನವಾಗಿ ಮಡಿಚಿ, ಮುಂದಿನ ದಮ್ಮಿಗೆ ಅದನ್ನೇ ತೋರಿಸಿ ಔಷಧ ತರುತ್ತಾರೆ. ಕಾನೂನಿನ ಪ್ರಕಾರ ಇದು ಹೊಸ ಚೀಟಿಯಿಲ್ಲದೆ ಕೊಡಬಾರದ ಷೆಡ್ಯೂಲ್ ಎಚ್ ಔಷಧ. ಕಾನೂನು ಗುಳಿಗೆಯ ಪಟ್ಟಿಯ ಹಿಂದೆಯೇ ಅಚ್ಚಾಗಿದೆ. ಯಾರೂ ಪಟ್ಟಿ ತಿರುಗಿಸಿ ನೋಡುವುದಿಲ್ಲ. ನಾಲ್ಕರಿಂದ ಹದಿನೇಳು ವರ್ಷದ ಬ್ರಿಟಿಷ್ ಮಕ್ಕಳ ದಾಖಲೆಗಳನ್ನು ಆಧರಿಸಿ 2003ರಲ್ಲಿ ಬಂದ ಅಧ್ಯಯನದಲ್ಲಿ, ಬಾಯಿಯ ಸ್ಟಿರಾಯ್ಡ್ ಕೋರ್ಸು ನಾಲ್ಕು ಅಥವಾ ಹೆಚ್ಚು ಸಲ ಆದವರಿಗೆ ಮೂಳೆ ಮುರಿಯುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಜಾಸ್ತಿಯಿತ್ತು. ಹರೆಯವೆಂದರೆ ಮೂಳೆಗೆ ಸುಣ್ಣ ತುಂಬಿಕೊಳ್ಳುವ ಸುಗ್ಗಿ; ಆಗ ಸೋರಿದ್ದನ್ನು ಅರವತ್ತರಲ್ಲಿ ಹುಡುಕಿದರೆ ಸಿಗದು.

ಇಲ್ಲಿಯೇ ನಮ್ಮ ಭಯ ದಾರಿ ತಪ್ಪಿರುವುದು. "ಪಂಪ್ ಹಚ್ಚಬ್ಯಾಡ್ರಿ, ಚಟ ಆಕ್ಕೈತಿ" ಎನ್ನುವ ಅಜ್ಜಿಯರೇ ವರ್ಷಕ್ಕೆ ನಾಲ್ಕು ಸಲ ಗುಳಿಗೆ ಕೊಡಿಸುತ್ತಾರೆ. ದಿನಾ ಎಳೆದುಕೊಳ್ಳುವ ಪಂಪಿನಲ್ಲೂ, ಅಂದರೆ ಇನ್‌ಹೇಲರ್‌ನಲ್ಲೂ, ಸ್ಟಿರಾಯ್ಡೇ ಇದೆ, ನಿಜ. ಆದರೆ ಅಲ್ಲಿ ಲೆಕ್ಕ ಮೈಕ್ರೋಗ್ರಾಂನಲ್ಲಿ. ದಿನಕ್ಕೆ 200 ಮೈಕ್ರೋಗ್ರಾಂನಂತೆ ವರ್ಷವಿಡೀ ಎಳೆದರೆ ಒಟ್ಟು 73 ಮಿಲಿಗ್ರಾಂ. ಅದೂ ಬಹುಪಾಲು ಶ್ವಾಸನಾಳದಲ್ಲೇ ಕೆಲಸ ಮುಗಿಸುತ್ತದೆ, ನುಂಗಿದ್ದನ್ನು ಯಕೃತ್ತು ಕತ್ತರಿಸಿಹಾಕುತ್ತದೆ. 40 ಮಿಲಿಗ್ರಾಂ ಗುಳಿಗೆ ಐದು ದಿನ, ವರ್ಷಕ್ಕೆ ನಾಲ್ಕು ಸಲವಾದರೆ 800 ಮಿಲಿಗ್ರಾಂ, ಪೂರ್ತಿ ರಕ್ತಕ್ಕೆ. ಎರಡೂ ಒಂದೇ ಔಷಧವಲ್ಲ, ಮಿಲಿಗ್ರಾಂಗೆ ಮಿಲಿಗ್ರಾಂ ತೂಗುವುದು ಶುದ್ಧ ಲೆಕ್ಕವಲ್ಲ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅಂತರ ಎಷ್ಟೆಂಬ ಅಂದಾಜಿಗೆ ಇದು ಸಾಕು. ಪಂಪಿಗೂ ಬೆಲೆ ಇದೆ. ಎಳೆಯರಾಗಿದ್ದಾಗ ನಾಲ್ಕಾರು ವರ್ಷ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಎಳೆದ ಉತ್ತರ ಅಮೆರಿಕದ ಮಕ್ಕಳು ದೊಡ್ಡವರಾದಾಗ, ಅದನ್ನು ಎಳೆಯದವರಿಗಿಂತ 1.2 ಸೆಂಟಿಮೀಟರ್ ಗಿಡ್ಡವಿದ್ದರು ಎಂದು 2012ರ ವರದಿ ಹೇಳಿತು. ಉಸಿರಿಗೆ ತೆತ್ತ ಒಂದು ಬೆರಳಿನಗಲದ ಸುಂಕ. ಹನ್ನೆರಡು ದಾಟಿದ ಯಾವ ಆಸ್ತಮಾ ರೋಗಿಗೂ ಬರೀ ಉಸಿರು ಬಿಡಿಸುವ ಪಂಪ್ ಕೊಟ್ಟು ಕಳಿಸಬಾರದು, ಎಳೆದುಕೊಳ್ಳುವ ಸ್ಟಿರಾಯ್ಡ್ ಜೊತೆಗಿರಲೇಬೇಕು ಎಂದು ಆಸ್ತಮಾದ ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಆಸ್ತಮಾ ದೊಡ್ಡ ಊರಿನ ಕಾಯಿಲೆ ಎಂಬ ಸಮಾಧಾನವೂ ಬೇಡ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ದಶಕಗಟ್ಟಲೆ ಎಣಿಸಿ, 1979ರಲ್ಲಿ ನೂರಕ್ಕೆ 9 ಇದ್ದ ಆಸ್ತಮಾ 1999ಕ್ಕೆ 29.5 ಆದದ್ದನ್ನು ತೋರಿಸಿದರು. ಅದು ವಾಹನದ ಹೊಗೆಯ ಊರು. ನಮ್ಮದು ಕಣದ ದೂಳಿನ ನಾಡು, ಮೃಗಶಿರಾ ಮಳೆ ಕೂಡುವ ಹೊತ್ತಿಗೆ ನೆರೆಯ ಕೊಪ್ಪಳದ ಕುಟುಗನಹಳ್ಳಿಗೆ ಆಸ್ತಮಾ ಔಷಧಕ್ಕೆಂದು ಸೇರುವ ಸಾವಿರಾರು ಜನರನ್ನು ನೋಡಿದರೆ ಇಲ್ಲಿನ ಉಬ್ಬಸದ ಅಂದಾಜು ಬೇರೆ ಬೇಕಿಲ್ಲ. ಹೋಗುವವರು ಹೋಗಲಿ, ಪಂಪು ಚೀಲದಲ್ಲಿರಲಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹೆಸರು ಗೊತ್ತಿರುವ ಗುಳಿಗೆಯ ಮಾತು. ಹೆಸರೇ ಗೊತ್ತಿಲ್ಲದ್ದು ಬೇರೆ. ಮೈ ಕೈ ನೋವಿಗೆ, ಜ್ವರಕ್ಕೆ, ಸುಸ್ತಿಗೆ ಒಂದೇ ಸೂಜಿ, ಕಾಗದದಲ್ಲಿ ಕಟ್ಟಿಕೊಟ್ಟ ಬಣ್ಣಬಣ್ಣದ ಬಿಡಿ ಗುಳಿಗೆ. "ಅವರ ಕೈಗುಣ ಭಾಳ ಚಲೋ" ಎಂಬ ಹೆಸರು ಎಷ್ಟೋ ಕಡೆ ಡೆಕ್ಸಾಮೆಥಾಸೋನಿನದು. ಅರ್ಧ ದಿನದಲ್ಲಿ ಜ್ವರ ಇಳಿಸಿ, ಹಸಿವು ಎಬ್ಬಿಸಿ, ಮನಸ್ಸು ಅರಳಿಸುವ ಔಷಧ ಇನ್ನಾವುದಿದೆ? ಒಳಗೆ ಟೈಫಾಯ್ಡೋ ಕ್ಷಯವೋ ಇದ್ದರೆ ಅದು ಮುಚ್ಚಿಹೋಗಿ ಬೆಳೆಯುತ್ತದೆ. ತೆಳ್ಳಗಿನ ಹುಡುಗ ಹುಡುಗಿಯರಿಗೆ "ಮೈ ತುಂಬುವ" ಗುಳಿಗೆ, ಮುಖ ಬೆಳ್ಳಗಾಗುವ ಕ್ರೀಮು, ಗಜಕರ್ಣಕ್ಕೆ ಮೂರು ಔಷಧ ಬೆರೆಸಿದ ಮುಲಾಮು, ಇವುಗಳೊಳಗೂ ಇದೇ ಕುಲದ ಔಷಧ ಅಡಗಿರುವುದುಂಟು. ಜಿಮ್ಮಿನಲ್ಲಿ ತೋಳು ಉಬ್ಬಿಸಲು ಮಾರುವ ಸ್ಟಿರಾಯ್ಡ್ ಮಾತ್ರ ಬೇರೆ ಜಾತಿ, ಗಂಡು ಹಾರ್ಮೋನಿನ ಸಂಬಂಧಿ. ನಮ್ಮ ಗುಳಿಗೆ ಸ್ನಾಯು ಬೆಳೆಸುವುದಿಲ್ಲ, ಬಹುಕಾಲ ತಿಂದರೆ ಕರಗಿಸುತ್ತದೆ. ಹೆಸರೊಂದೇ ಎಂದು ಜಿಮ್ಮಿನ ಹುಡುಗರು ದಮ್ಮಿನ ಗೆಳೆಯನ ಪಟ್ಟಿಗೆ ಕೈ ಹಾಕಬಾರದು.

ಆದ್ದರಿಂದ ಲಕ್ಷ್ಮೇಶ್ವರದ, ಶಿರಹಟ್ಟಿಯ, ಬೆಟಗೇರಿಯ ಅವ್ವ ಅಪ್ಪಂದಿರಲ್ಲಿ ಕೇಳುವುದಿಷ್ಟೆ. ಮೊದಲ ಗುಳಿಗೆ ನುಂಗಿಸುವ ಬೆಳಗ್ಗೆಯೇ ಮಗುವನ್ನು ಕೂರಿಸಿಕೊಂಡು ಹೇಳಿ: ಈ ವಾರ ಹಸಿವು ಹೆಚ್ಚಾದೀತು, ನಿದ್ದೆ ಹಾರೀತು, ಸಿಟ್ಟು ಬಂದೀತು, ಅಳು ಬಂದೀತು, ಅದು ನಿನ್ನ ತಪ್ಪಲ್ಲ, ನಿಂತುಹೋಗುತ್ತದೆ. ಶಾಲೆಯ ಮೇಷ್ಟ್ರಿಗೂ ಒಂದು ಮಾತು ತಿಳಿಸಿ. ಖಾಲಿ ಪಟ್ಟಿಯನ್ನು ಎಸೆಯದೆ, ಅದರ ಮೇಲೆ ಶುರುವಾದ ದಿನ, ಮುಗಿದ ದಿನ ಬರೆದಿಡಿ. ವರ್ಷದಲ್ಲಿ ಎರಡನೆಯ ಪಟ್ಟಿ ಸೇರಿದರೆ ಅಂಗಡಿಗೆ ಹೋಗದೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಪಂಪಿನ ಮಾತು ಎತ್ತಿ. ಮಗು ಇಲ್ಲದ್ದನ್ನು ಕಂಡಂತೆ ಮಾತಾಡಿದರೆ, ಸಾಯುವ ಮಾತಾಡಿದರೆ, ಮಲ ಕಪ್ಪಾದರೆ, ಮೈಮೇಲೆ ನೀರುಗುಳ್ಳೆ ಎದ್ದರೆ, ಉಸಿರು ಮತ್ತೆ ಕಟ್ಟಿದರೆ ಬೆಳಗಾಗುವುದನ್ನು ಕಾಯಬೇಡಿ. ತಾಲೂಕು ಆಸ್ಪತ್ರೆಗೋ ಗದಗಿನ ಜಿಮ್ಸ್ ಆಸ್ಪತ್ರೆಗೋ ಆ ರಾತ್ರಿಯೇ ಹೊರಡಿ, 108ಕ್ಕೆ ಕರೆ ಮಾಡಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.